ಹರಳು ಹಿಂಡಿಯಿಂದ ಕ್ಯಾಥೆಟರಿನವರೆಗೆ

2021ರ ಮೇ 22. ಕೊರೊನಾ ಎರಡನೆಯ ಅಲೆಯ ನಟ್ಟನಡುವೆ, ಆಗ ಕೇಂದ್ರದಲ್ಲಿ ರಾಸಾಯನಿಕ ಮತ್ತು ರಸಗೊಬ್ಬರ ಸಚಿವರಾಗಿದ್ದ ಡಿ.ವಿ. ಸದಾನಂದ ಗೌಡರು ಒಂದು ಪಟ್ಟಿಯನ್ನು ಪ್ರಕಟಿಸಿದರು. ಬ್ಲ್ಯಾಕ್ ಫಂಗಸ್ ಎಂದು ಎಲ್ಲರ ಬಾಯಲ್ಲಿದ್ದ ಮ್ಯೂಕರ್‌ಮೈಕೋಸಿಸ್ ರೋಗಕ್ಕೆ ಕೊಡುವ ಆಂಫೊಟೆರಿಸಿನ್-ಬಿ ಮದ್ದಿನ 23,680 ಹೆಚ್ಚುವರಿ ವಯಲ್‌ಗಳಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂಬ ಪಟ್ಟಿ ಅದು. ದೇಶದಲ್ಲಿ ಆಗ ಲೆಕ್ಕಕ್ಕೆ ಸಿಕ್ಕಿದ್ದ ರೋಗಿಗಳು 8,848. ಅವರಲ್ಲಿ 500 ಮಂದಿ ಕರ್ನಾಟಕದವರು, 2,281 ಮಂದಿ ಗುಜರಾತಿನವರು. ಎಲ್ಲರಿಗಿಂತ ಹೆಚ್ಚು ರೋಗಿಗಳಿದ್ದ ಗುಜರಾತಿಗೆ ಎಲ್ಲರಿಗಿಂತ ಹೆಚ್ಚು ಮದ್ದು ಸಿಕ್ಕಿತು: 5,800 ವಯಲ್.

ಭಾಗಿಸಿ ನೋಡಿದರೆ ತಲೆಗೆ ಎರಡೂವರೆ ವಯಲ್. ಲಿಪೊಸೋಮಲ್ ಆಂಫೊಟೆರಿಸಿನ್ನಿನ ಒಂದು ವಯಲಿನಲ್ಲಿರುವುದು 50 ಮಿಲಿಗ್ರಾಂ. ರೋಗಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಕೊಡಬೇಕು. 60 ಕಿಲೋ ತೂಗುವವರಿಗೆ ದಿನಕ್ಕೆ ಆರು ವಯಲ್, ಅದೂ ವಾರಗಟ್ಟಲೆ. ಅಂದರೆ ಆ ಕಂತಿನಲ್ಲಿ ಬಂದದ್ದು ಒಬ್ಬೊಬ್ಬರಿಗೆ ಅರ್ಧ ದಿನಕ್ಕೂ ಸಾಲದು. ಅಹಮದಾಬಾದಿನ ಅಸಾರ್ವಾದಲ್ಲಿರುವ ಸಿವಿಲ್ ಆಸ್ಪತ್ರೆ, ವಡೋದರಾದ ಎಸ್‌ಎಸ್‌ಜಿ ಆಸ್ಪತ್ರೆ, ಸೂರತ್ತಿನ ನ್ಯೂ ಸಿವಿಲ್ ಆಸ್ಪತ್ರೆಗಳ ವಾರ್ಡುಗಳಲ್ಲಿ ಕಣ್ಣು, ದವಡೆ, ಮೂಗಿನ ಒಳಗೋಡೆಗಳನ್ನು ಕತ್ತರಿಸಿ ಜೀವ ಉಳಿಸುತ್ತಿದ್ದ ದಿನಗಳು ಅವು. ಶಿಲೀಂಧ್ರಗಳ ವಿರುದ್ಧ ನಮ್ಮ ಬತ್ತಳಿಕೆ ಎಷ್ಟು ಬರಿದು ಎಂಬುದು ಜನಸಾಮಾನ್ಯರಿಗೆ ತಿಳಿದದ್ದು ಆಗಲೇ.

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯಾಟಿಕ್ ವರ್ಗಗಳು ಹತ್ತಾರಿವೆ. ರಕ್ತಕ್ಕೆ, ಅಂಗಾಂಗಕ್ಕೆ ಇಳಿದ ಶಿಲೀಂಧ್ರಕ್ಕೆ ವೈದ್ಯರ ಕೈಲಿರುವ ಮುಖ್ಯ ವರ್ಗಗಳು ನಾಲ್ಕೇ: ಆಂಫೊಟೆರಿಸಿನ್ ಸೇರಿರುವ ಪಾಲಿಯೀನ್‌ಗಳು, ಫ್ಲುಕೊನಜೋಲ್‌ನಂಥ ಅಜೋಲ್‌ಗಳು, ಎಕಿನೊಕ್ಯಾಂಡಿನ್‌ಗಳು ಮತ್ತು ಫ್ಲುಸೈಟೊಸಿನ್. ಶಿಲೀಂಧ್ರ ನಮಗೆ ಹತ್ತಿರದ ನಂಟ. ಅದರ ಜೀವಕೋಶಕ್ಕೂ ನಮ್ಮ ಜೀವಕೋಶಕ್ಕೂ ಹೋಲಿಕೆ ಹೆಚ್ಚು. ಅದಕ್ಕೆ ಹಾಕಿದ ವಿಷ ನಮಗೂ ತಾಗುತ್ತದೆ, ಆಂಫೊಟೆರಿಸಿನ್ ಮೂತ್ರಪಿಂಡಕ್ಕೆ ತಾಗುವ ಹಾಗೆ.

ಈ ಕೊರತೆಯನ್ನು ನೀಗಲು ಗಿಡಗಳ ಪೆಪ್ಟೈಡುಗಳ ಕಡೆಗೆ, ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರಗಳ ಕಡೆಗೆ, ನೋಡುತ್ತಿರುವ ಒಂದು ಸಂಶೋಧನಾ ಹಾದಿಯನ್ನು, ಅದರಲ್ಲೂ ಬಯೋಫಿಲ್ಮ್ ಎಂಬ ಗಟ್ಟಿ ಕೋಟೆಯ ಮುಂದೆ ಅದು ಎಲ್ಲಿ ಗೆಲ್ಲುತ್ತಿದೆ, ಎಲ್ಲಿ ಸೋಲುತ್ತಿದೆ ಎಂಬುದನ್ನು ಇಲ್ಲಿ ನೋಡೋಣ. ಗುಜರಾತಿನ ಮೂರು ನಗರಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ರೋಗ ಅಲ್ಲಿದೆ, ಮದ್ದಿನ ಕಾರ್ಖಾನೆಗಳು ಅಲ್ಲಿವೆ, ಈ ಕತೆಯ ಒಂದು ಮುಖ್ಯ ಗಿಡವೂ ಅಲ್ಲಿನ ಹೊಲದ್ದೇ.

ಮೊದಲು ಬಯೋಫಿಲ್ಮ್, ಅಂದರೆ ಸೂಕ್ಷ್ಮಜೀವಿಗಳು ಕಟ್ಟುವ ಪೊರೆ. ನೀರು ತುಂಬಿಟ್ಟ ಕೊಡವನ್ನು ನಾಲ್ಕು ದಿನ ತೊಳೆಯದೆ ಬಿಟ್ಟರೆ ಒಳಮೈಗೆ ಲೋಳೆ ಕಟ್ಟುತ್ತದೆ. ನೀರು ಚೆಲ್ಲಿದರೆ ಅದು ಹೋಗದು, ನಾರು ಹಾಕಿ ತಿಕ್ಕಬೇಕು. ಸೂಕ್ಷ್ಮಜೀವಿಗಳು ಒಂದು ಮೇಲ್ಮೈಗೆ ಅಂಟಿ, ತಾವೇ ಸ್ರವಿಸಿದ ಅಂಟಿನೊಳಗೆ ಮನೆ ಮಾಡಿಕೊಂಡಿರುವ ಸ್ಥಿತಿ ಅದು. ಕ್ಯಾಂಡಿಡಾ ಎಂಬ ಯೀಸ್ಟ್ ಇದೇ ಕೆಲಸವನ್ನು ರೋಗಿಯ ರಕ್ತನಾಳಕ್ಕೆ ತೂರಿಸಿದ ಕ್ಯಾಥೆಟರಿನ ಒಳಗೋಡೆಯಲ್ಲಿ, ಮೂತ್ರದ ನಳಿಕೆಯಲ್ಲಿ, ಹಲ್ಲುಸೆಟ್ಟಿನ ಒಳಬದಿಯಲ್ಲಿ, ಕೃತಕ ಹೃದಯ ಕವಾಟದ ಮೇಲೆ ಮಾಡುತ್ತದೆ. ಮೊದಲು ಕೆಲವು ದುಂಡು ಕೋಶಗಳು ಬಂದು ಅಂಟುತ್ತವೆ. ಬಳಿಕ ಅವು ಉದ್ದುದ್ದ ಎಳೆಗಳಾಗಿ ಚಾಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೇಲೆ ಗ್ಲುಕಾನ್ ಮೊದಲಾದ ಸಕ್ಕರೆ ಸರಪಣಿಗಳ ಅಂಟು ಹರಡುತ್ತದೆ. ಕೊನೆಗೆ ಅಲ್ಲಿಂದ ಕೋಶಗಳು ಕಳಚಿ ರಕ್ತದಲ್ಲಿ ತೇಲಿಹೋಗಿ ಇನ್ನೊಂದು ಅಂಗದಲ್ಲಿ ಬಿಡಾರ ಹೂಡುತ್ತವೆ.

ಆ ಅಂಟು ಬರಿಯ ಗೋಡೆಯಲ್ಲ. ಫ್ಲುಕೊನಜೋಲಿನಂಥ ಮದ್ದನ್ನು ಅದರಲ್ಲಿನ ಗ್ಲುಕಾನ್ ಹಿಡಿದಿಟ್ಟುಕೊಂಡು ಕೋಶದವರೆಗೆ ಹೋಗಲು ಬಿಡುವುದಿಲ್ಲ. ಒಳಗಿನ ಕೋಶಗಳು ಮದ್ದನ್ನು ಹೊರದಬ್ಬುವ ಪಂಪುಗಳನ್ನು ಚುರುಕಾಗಿಸುತ್ತವೆ. ಕೆಲವು ಕೋಶಗಳು ಬೆಳವಣಿಗೆಯನ್ನೇ ನಿಲ್ಲಿಸಿ ಮಲಗಿಬಿಡುತ್ತವೆ, ಬೆಳೆಯುವ ಕೋಶವನ್ನು ಕೊಲ್ಲುವ ಮದ್ದಿಗೆ ಅವು ಸಿಗುವುದೇ ಇಲ್ಲ. ತೇಲುವ ಕ್ಯಾಂಡಿಡಾವನ್ನು ಕೊಲ್ಲುವ ಪ್ರಮಾಣಕ್ಕಿಂತ ನೂರಾರು ಪಟ್ಟು, ಕೆಲವು ಸಲ ಸಾವಿರ ಪಟ್ಟು ಹೆಚ್ಚು ಫ್ಲುಕೊನಜೋಲ್ ಸುರಿದರೂ ಪೊರೆಯೊಳಗಿನದು ಬದುಕಿರುತ್ತದೆ. ರಕ್ತಕ್ಕೆ ಕ್ಯಾಂಡಿಡಾ ಇಳಿದಾಗ ವೈದ್ಯರು ಕ್ಯಾಥೆಟರನ್ನೇ ಕಿತ್ತುಹಾಕಲು ನೋಡುವುದು ಇದಕ್ಕೇ. ಕೊಡ ತಿಕ್ಕುವುದಕ್ಕಿಂತ ಕೊಡವನ್ನೇ ಬದಲಿಸಿದ ಹಾಗೆ. ಆದರೆ ಬೇರೆ ನಾಳ ಸಿಗದ ಎಳೆಗೂಸಿಗೆ, ಡಯಾಲಿಸಿಸ್ ಮೇಲೆ ಬದುಕಿರುವವರಿಗೆ ಇದು ಸುಲಭದ ಮಾತಲ್ಲ.

ನಮ್ಮ ದೇಶದಲ್ಲಿ ಈ ಹೊರೆ ಎಷ್ಟು? 27 ತೀವ್ರ ನಿಗಾ ಘಟಕಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ದಾಖಲಾದ ಪ್ರತಿ 1,000 ರೋಗಿಗಳಲ್ಲಿ 6.51 ಮಂದಿಯ ರಕ್ತದಲ್ಲಿ ಕ್ಯಾಂಡಿಡಾ ಇತ್ತು. ಪಶ್ಚಿಮದ ದೇಶಗಳಲ್ಲಿ ಮೊದಲ ಸ್ಥಾನ ಕ್ಯಾಂಡಿಡಾ ಆಲ್ಬಿಕನ್ಸ್‌ಗೆ, ನಮ್ಮಲ್ಲಿ 41.6 ಶೇಕಡಾ ಪಾಲಿನೊಂದಿಗೆ ಮುಂದಿದ್ದದ್ದು ಕ್ಯಾಂಡಿಡಾ ಟ್ರಾಪಿಕಾಲಿಸ್. ಅದೇ ಮಾದರಿಗಳಲ್ಲಿ 5.3 ಶೇಕಡಾ ಕ್ಯಾಂಡಿಡಾ ಆರಿಸ್. ಜಪಾನಿನ ಒಬ್ಬ ರೋಗಿಯ ಕಿವಿಯಲ್ಲಿ ಸಿಕ್ಕಿ 2009ರಲ್ಲಿ ಹೆಸರು ಪಡೆದ ಈ ಯೀಸ್ಟ್ ಆ ಹೊತ್ತಿಗಾಗಲೇ ನಮ್ಮ 27ರಲ್ಲಿ 19 ಘಟಕಗಳನ್ನು ಹೊಕ್ಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಮೊದಲ ಸಾಲಿನ ನಾಲ್ಕರಲ್ಲಿ ಎರಡು ಕ್ಯಾಂಡಿಡಾಗಳೇ: ಆರಿಸ್ ಮತ್ತು ಆಲ್ಬಿಕನ್ಸ್. ಬ್ಲ್ಯಾಕ್ ಫಂಗಸ್‌ನ ಗುಂಪು ಇರುವುದು ಎರಡನೆಯ ಸಾಲಿನಲ್ಲಿ. ಅದೂ ಪೊರೆ ಕಟ್ಟಬಲ್ಲದು ಎಂದು ಚಂಡೀಗಢದ ಪಿಜಿಐ ಸಂಶೋಧಕರು 2011ರಲ್ಲೇ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಆದರೂ ಅದು ರೋಗಿಯನ್ನು ಕೊಲ್ಲುವುದು ಮುಖ್ಯವಾಗಿ ರಕ್ತನಾಳವನ್ನು ಕೊರೆದು ಮುಚ್ಚಿಬಿಡುವುದರಿಂದ. ಆದುದರಿಂದ ಮುಂದಿನ ಮಾತೆಲ್ಲ ಹೆಚ್ಚಾಗಿ ಕ್ಯಾಂಡಿಡಾದ್ದು.

ವಡೋದರಾಕ್ಕೂ ಶಿಲೀಂಧ್ರದ ಮದ್ದಿಗೂ ಹಳೆಯ ನಂಟು. ಸೂರತ್ತಿನಲ್ಲಿ ಹುಟ್ಟಿ ಬರೋಡಾದಲ್ಲಿ ರಸಾಯನಶಾಸ್ತ್ರ ಕಲಿಸಿದ, ಅಲ್ಲಿನ ಕಲಾಭವನ ಎಂಬ ತಾಂತ್ರಿಕ ಶಾಲೆಯ ಸ್ಥಾಪನೆಗೆ ಕಾರಣರಾದ ತ್ರಿಭುವನದಾಸ್ ಕಲ್ಯಾಣದಾಸ್ ಗಜ್ಜರ್ ಅವರ ಆಸರೆಯಲ್ಲಿ 1907ರಲ್ಲಿ ಅಲೆಂಬಿಕ್ ಎಂಬ ಮದ್ದಿನ ಕಂಪನಿ ಹುಟ್ಟಿತು. ಸ್ವಾತಂತ್ರ್ಯದ ಹೊತ್ತಿಗೆ ಅಲ್ಲಿ ಸಾರಾಭಾಯ್ ಕೆಮಿಕಲ್ಸ್ ಬೆಳೆದಿತ್ತು. ಅದರೊಡನೆ ಕೈಜೋಡಿಸಿದ ಅಮೆರಿಕದ ಸ್ಕ್ವಿಬ್ ಕಂಪನಿಯೇ ವೆನಿಜುವೆಲಾದ ಒರಿನೊಕೊ ನದೀತೀರದ ಮಣ್ಣಿನ ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಆಂಫೊಟೆರಿಸಿನ್-ಬಿ ತೆಗೆದದ್ದು. 2021ರ ಮೇ ತಿಂಗಳ ಅಭಾವದಲ್ಲಿ ಕೇಂದ್ರ ಸರ್ಕಾರ ಆಂಫೊಟೆರಿಸಿನ್ ತಯಾರಿಸಲು ಹೊಸದಾಗಿ ಐದು ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಹೈದರಾಬಾದಿನ ನ್ಯಾಟ್ಕೊ, ಪುಣೆಯ ಎಮ್‌ಕ್ಯೂರ್ ಬಿಟ್ಟರೆ ಉಳಿದ ಮೂರೂ, ಅಂದರೆ ವಡೋದರಾದ ಅಲೆಂಬಿಕ್, ಗುಫಿಕ್, ಲೈಕಾ, ಗುಜರಾತಿನವೇ. ಜುಲೈಯಿಂದ ತಿಂಗಳಿಗೆ 1,11,000 ವಯಲ್ ಎಂದು ಲೆಕ್ಕ ಹಾಕಲಾಗಿತ್ತು. ಎರಡನೆಯ ಅಲೆ ಇಳಿದದ್ದು ಅದಕ್ಕೂ ಮೊದಲೇ.

ಮಣ್ಣಿನ ಜೀವಿಯಿಂದ ಮದ್ದು ಬಂದಿದೆ, ಶಿಲೀಂಧ್ರದಿಂದಲೇ ಶಿಲೀಂಧ್ರಕ್ಕೆ ಮದ್ದು ಬಂದಿದೆ. 2001ರಲ್ಲಿ ಅಮೆರಿಕದಲ್ಲಿ ಮಂಜೂರಾದ ಕ್ಯಾಸ್ಪೊಫಂಗಿನ್ ಎಂಬ ಎಕಿನೊಕ್ಯಾಂಡಿನ್ನಿನ ಮೂಲ ಗ್ಲೇರಿಯಾ ಎಂಬ ಬೂಷ್ಟು. ಇದನ್ನು ಒತ್ತಿ ಹೇಳಲು ಕಾರಣವಿದೆ. ಕ್ಯಾಸ್ಪೊಫಂಗಿನ್ ಕೂಡ ಪೆಪ್ಟೈಡೇ: ಆರು ಅಮೈನೋ ಆಮ್ಲಗಳ ಉಂಗುರ, ಅದಕ್ಕೊಂದು ಕೊಬ್ಬಿನ ಬಾಲ. ಗ್ಲುಕಾನ್ ನೇಯುವ ಕಿಣ್ವವನ್ನು ಅದು ತಡೆಯುತ್ತದೆ. ಪೊರೆಯ ಅಂಟಿನಲ್ಲೂ ಗ್ಲುಕಾನ್ ಇರುವುದರಿಂದ, ಇಂದು ಕ್ಯಾಂಡಿಡಾ ಪೊರೆಯ ಮೇಲೆ ನಂಬಿ ಬಳಸಬಹುದಾದ ಕೆಲವೇ ಮದ್ದುಗಳಲ್ಲಿ ಅದು ಒಂದು. ಪೆಪ್ಟೈಡನ್ನು ಶಿಲೀಂಧ್ರದ ಮದ್ದಾಗಿ ರೋಗಿಯ ರಕ್ತಕ್ಕೆ ಕೊಡಲು ಸಾಧ್ಯವೇ ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷ ಹಿಂದೆಯೇ ಉತ್ತರ ಸಿಕ್ಕಿದೆ. ಸಸ್ಯದ ಪೆಪ್ಟೈಡಿಗೆ ಅದೇ ಭಾಗ್ಯ ಯಾಕಿಲ್ಲ ಎಂಬುದೇ ಉಳಿದಿರುವ ಪ್ರಶ್ನೆ.

ಮೂಲಂಗಿ ಬೀಜವನ್ನು ಒದ್ದೆ ಮಣ್ಣಿಗೆ ಹಾಕಿ. ಬೇರು ಇನ್ನೂ ಹೊರಬಂದಿಲ್ಲ, ಎಲೆಯಿಲ್ಲ, ಓಡುವ ಕಾಲಂತೂ ಇಲ್ಲ. ಸುತ್ತಲೂ ಅದನ್ನು ಕೊಳೆಸಿ ತಿನ್ನಲು ಕಾದಿರುವ ಬೂಷ್ಟುಗಳು. ಸಿಪ್ಪೆ ಬಿರಿದ ಕೂಡಲೆ ಬೀಜ ತನ್ನ ಸುತ್ತ ಕೆಲವು ಪ್ರೋಟೀನುಗಳನ್ನು ಚೆಲ್ಲಿಕೊಳ್ಳುತ್ತದೆ. ಬೆಲ್ಜಿಯಮ್ಮಿನ ಲುವೆನ್ ವಿಶ್ವವಿದ್ಯಾಲಯದ ತಂಡ 1990ರ ದಶಕದಲ್ಲಿ ಇದನ್ನು ಅಳೆದು ನೋಡಿತು. ಬೀಜದ ಒಟ್ಟು ಪ್ರೋಟೀನಿನಲ್ಲಿ ಅರ್ಧ ಶೇಕಡಾದಷ್ಟೇ ಇರುವ ಒಂದು ಬಗೆಯ ಪೆಪ್ಟೈಡು, ಸಿಪ್ಪೆ ಬಿರಿದಾಗ ಹೊರಚೆಲ್ಲುವ ಪ್ರೋಟೀನಿನಲ್ಲಿ ಸುಮಾರು 30 ಶೇಕಡಾ ಆಗಿತ್ತು. ಬೀಜದ ಸುತ್ತ ಬೂಷ್ಟು ಬೆಳೆಯದ ಒಂದು ವರ್ತುಲ ಏರ್ಪಡುತ್ತಿತ್ತು. ಆ ಪೆಪ್ಟೈಡುಗಳೇ ಆರ್‌ಎಸ್‌-ಎಎಫ್‌ಪಿ1 ಮತ್ತು ಆರ್‌ಎಸ್‌-ಎಎಫ್‌ಪಿ2. ಪ್ರಾಣಿಗಳಲ್ಲಿ ಸಿಕ್ಕಿದ ಇಂಥ ಪೆಪ್ಟೈಡುಗಳನ್ನು ಡಿಫೆನ್ಸಿನ್ ಎಂದು ಕರೆಯುತ್ತಿದ್ದುದರಿಂದ ಇವು ಸಸ್ಯ ಡಿಫೆನ್ಸಿನ್‌ಗಳಾದವು.

ಇದಕ್ಕೂ ಹಿಂದಿನ ಕತೆ ಗೋಧಿಯದು. ಗೋಧಿ ಹಿಟ್ಟಿನಿಂದ ಹರಳುಗಟ್ಟಿಸಿ ತೆಗೆದ ಪ್ಯೂರೊಥಯೋನಿನ್ ಬ್ಯಾಕ್ಟೀರಿಯಾವನ್ನೂ ಶಿಲೀಂಧ್ರವನ್ನೂ ಕೊಲ್ಲುತ್ತದೆ ಎಂದು 1942ರಲ್ಲೇ ವರದಿಯಾಗಿತ್ತು. ಪೆನಿಸಿಲಿನ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಆಮೇಲೆ ಹುಡುಕಿದಲ್ಲೆಲ್ಲ ಸಿಕ್ಕವು. ಸಂಜೆಮಲ್ಲಿಗೆಯ ಕಪ್ಪು ಬೀಜದಲ್ಲಿ, ದಂಟಿನ ಬೀಜದಲ್ಲಿ, ಹೆಸರುಕಾಳಿನಲ್ಲಿ, ಬಟಾಣಿಯಲ್ಲಿ. ನಮ್ಮ ಹಿತ್ತಿಲಿನ ಕರ್ಣಕುಂಡಲದ ಬೀಜದಲ್ಲಿ ಕೇವಲ 20 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡುಗಳು ಸಿಕ್ಕವು.

ಇವುಗಳ ಮೈಕಟ್ಟು ಹೇಗೆ? ಸಸ್ಯ ಡಿಫೆನ್ಸಿನ್ ಎಂದರೆ ಸುಮಾರು 45ರಿಂದ 54 ಅಮೈನೋ ಆಮ್ಲಗಳ ಸರ. ಸಾಮಾನ್ಯವಾಗಿ ಅದರಲ್ಲಿ ಎಂಟು ಸಿಸ್ಟೀನ್‌ಗಳು ಎರಡೆರಡಾಗಿ ಗಂಧಕದ ಕೊಂಡಿ ಹಾಕಿಕೊಂಡು ನಾಲ್ಕು ಗಂಟು ಬಿಗಿದಿರುತ್ತವೆ. ಆ ಗಂಟಿನಿಂದಾಗಿ ಬಿಸಿಗೂ ಆಮ್ಲಕ್ಕೂ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಮೈತುಂಬ ಧನ ವಿದ್ಯುದಂಶ, ಶಿಲೀಂಧ್ರದ ಹೊರಪದರಕ್ಕೆ ಋಣ. ಸೆಳೆತ ತಾನಾಗಿ ಉಂಟಾಗುತ್ತದೆ. ಆದರೆ ಕೆಲಸ ಬರಿ ಸೆಳೆತದಿಂದಲ್ಲ. ಮೂಲಂಗಿಯ ಆರ್‌ಎಸ್‌-ಎಎಫ್‌ಪಿ2 ಶಿಲೀಂಧ್ರದ ಕೋಶಪೊರೆಯಲ್ಲಿರುವ ಗ್ಲುಕೊಸಿಲ್‌ಸೆರಮೈಡ್ ಎಂಬ ಕೊಬ್ಬನ್ನು ಹಿಡಿಯುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಮನುಷ್ಯರ ಕೋಶದಲ್ಲೂ ಆ ಹೆಸರಿನ ಕೊಬ್ಬು ಇದೆ, ರಚನೆ ಬೇರೆ. ಈ ಪೆಪ್ಟೈಡು ನಮ್ಮದನ್ನು ಮುಟ್ಟುವುದಿಲ್ಲ. ಶಿಲೀಂಧ್ರವನ್ನೂ ನಮ್ಮನ್ನೂ ಬೇರ್ಪಡಿಸಿ ನೋಡುವ ಕಣ್ಣು ಇಲ್ಲಿದೆ ಎಂಬುದು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಸಂಗತಿ ಎನಿಸುತ್ತದೆ. ಅದೇ ಪೆಪ್ಟೈಡು ದುಂಡು ಕ್ಯಾಂಡಿಡಾ ಎಳೆಯಾಗಿ ಚಾಚುವುದನ್ನೂ ತಡೆಯುತ್ತದೆ. ಎಳೆಯಿಲ್ಲದೆ ಪೊರೆಯ ಹೆಣಿಗೆ ಬೆಳೆಯದು. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೋಂಕಿಗೆ ಮುಂಚೆ ಕೊಟ್ಟಾಗ ಅದು ಇಲಿಗಳನ್ನು ಕ್ಯಾಂಡಿಡಾದಿಂದ ಕಾಪಾಡಿತು.

ಅಲಂಕಾರದ ತಂಬಾಕು ಗಿಡವಾದ ನಿಕೋಟಿಯಾನಾ ಅಲಾಟಾದ ಹೂವಿನಲ್ಲಿ ಸಿಗುವ ಎನ್‌ಎಡಿ1 ಬೇರೆ ದಾರಿಯದು. ಅದು ಕೋಶಗೋಡೆಯನ್ನು ದಾಟಿ ಒಳಗೆ ಹೋಗುತ್ತದೆ. ಕೋಶಪೊರೆಯ ಒಳಬದಿಯ ಒಂದು ಫಾಸ್ಫೇಟ್ ಕೊಬ್ಬನ್ನು ಜೋಡಿಗಳಾಗಿ ಇಕ್ಕಳದಂತೆ ಕಚ್ಚುತ್ತದೆ. ಜೋಡಿಗಳು ಸಾಲುಗಟ್ಟಿ ಕೋಶಪೊರೆಯನ್ನು ಹರಿಯುತ್ತವೆ. ಮೆಲ್ಬರ್ನಿನ ವಿಜ್ಞಾನಿಗಳು 2014ರಲ್ಲಿ ಈ ಇಕ್ಕಳದ ಚಿತ್ರವನ್ನೇ ಸ್ಫಟಿಕ ರಚನೆಯಿಂದ ತೆಗೆದರು. ಬಟಾಣಿಯ ಪಿಎಸ್‌ಡಿ1 ಇನ್ನೂ ಒಳಕ್ಕೆ, ನ್ಯೂಕ್ಲಿಯಸ್ಸಿನವರೆಗೂ ಹೋಗಿ ಕೋಶ ವಿಭಜನೆಯನ್ನು ಕೆಡಿಸುತ್ತದೆ. ಕ್ಯಾಂಡಿಡಾ ಪೊರೆಯ ಮೇಲೂ ಅದನ್ನು ಪರೀಕ್ಷಿಸಲಾಗಿದೆ. ಪೊರೆಗೆ ಏಟು ಬಿದ್ದದ್ದು ನಿಜ, ಆದರೆ ತೇಲುವ ಕೋಶಕ್ಕಿಂತ ಎಷ್ಟೋ ಹೆಚ್ಚು ಪ್ರಮಾಣ ಬೇಕಾಯಿತು.

ಈಗ ಹರಳು ಗಿಡಕ್ಕೆ ಬರೋಣ. ಉತ್ತರ ಕರ್ನಾಟಕದವರು ಔಡಲ ಎನ್ನುವ, ಗುಜರಾತಿಗಳು ದಿವೇಲಾ ಎನ್ನುವ ಗಿಡ. ಜಗತ್ತಿನ ಹರಳಿನಲ್ಲಿ ಬಹುಪಾಲು ಭಾರತದ್ದು, ಭಾರತದ್ದರಲ್ಲಿ ಬಹುಪಾಲು ಗುಜರಾತಿನದು. ಎಣ್ಣೆ ಹಿಂಡಿದ ಮೇಲೆ ಉಳಿಯುವ ಹಿಂಡಿಯನ್ನು ದನ ತಿನ್ನುವಂತಿಲ್ಲ. ಅದರಲ್ಲಿ ರೈಸಿನ್ ಎಂಬ ಘೋರ ವಿಷವಿದೆ. ಹಾಗಾಗಿ ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಇದೇ ಹಿಂಡಿಯಲ್ಲಿ 2ಎಸ್ ಆಲ್ಬುಮಿನ್ ಎಂಬ ಇನ್ನೊಂದು ಪ್ರೋಟೀನ್ ಇದೆ. ಮೊಳಕೆಗೆ ಬುತ್ತಿಯಾಗಿ ಬೀಜ ಕೂಡಿಟ್ಟುಕೊಂಡದ್ದು.

ಬ್ರೆಜಿಲ್ಲಿನ ಸಿಯಾರಾ ಪ್ರಾಂತದ ಸಂಶೋಧಕರು ಈ ಆಲ್ಬುಮಿನ್ನಿನ ಅಮೈನೋ ಆಮ್ಲಗಳ ಸಾಲನ್ನು ಕಂಪ್ಯೂಟರಿನಲ್ಲಿಟ್ಟು, ಅದರ ಯಾವ ತುಣುಕು ಸೂಕ್ಷ್ಮಜೀವಿಯನ್ನು ಕೊಲ್ಲಬಲ್ಲದು ಎಂದು ಜಾಲಿಸಿದರು. ಬೆರಳೆಣಿಕೆಯ ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡುಗಳನ್ನು ರೂಪಿಸಿ ಪ್ರಯೋಗಾಲಯದಲ್ಲಿ ತಯಾರಿಸಿದರು. ಅವುಗಳಲ್ಲಿ ಆರ್‌ಸಿ-ಆಲ್ಬ್-ಪೆಪ್2 ಎಂಬುದು ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್‌ನ ಮೇಲೂ ಅದರ ಪೊರೆಯ ಮೇಲೂ ಕೆಲಸ ಮಾಡಿತು ಎಂದು 2020ರಲ್ಲಿ ವರದಿ ಮಾಡಿದರು. ಪ್ಯಾರಾಪ್ಸಿಲೋಸಿಸ್ ಎಂದರೆ ನವಜಾತ ಶಿಶುಗಳ ಕ್ಯಾಥೆಟರಿಗೆ ಅಂಟುವುದರಲ್ಲಿ ಕುಪ್ರಸಿದ್ಧವಾದ ಜಾತಿ. ನುಗ್ಗೆ ಬೀಜದ ಒಂದು ಪ್ರೋಟೀನಿನಿಂದಲೂ ಇದೇ ಗುಂಪು ಇಂಥ ತುಣುಕುಗಳನ್ನು ತೆಗೆದಿದೆ. ನಿಸ್ಟಾಟಿನ್ ಎಂಬ ಶಿಲೀಂಧ್ರದ ಮದ್ದಿನ ಜೊತೆಗೆ ಸೇರಿಸಿದಾಗ ಅವುಗಳ ಬಲ ಹೆಚ್ಚಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಜಾಗ ಕೊಡಬಾರದು. ಈ ಪೆಪ್ಟೈಡು ಹರಳು ಹಿಂಡಿಯಲ್ಲಿ ಸಿದ್ಧವಾಗಿ ಕುಳಿತಿಲ್ಲ. ಹಿಂಡಿಯನ್ನು ಕುದಿಸಿದರೆ ಬರುವುದು ಮದ್ದಲ್ಲ, ವಿಷ. 2ಎಸ್ ಆಲ್ಬುಮಿನ್ ಸ್ವತಃ ಪ್ರಬಲ ಅಲರ್ಜಿಕಾರಕ. ಹರಳು ಗಾಣದ ಧೂಳಿನಿಂದ ಸುತ್ತಲಿನವರಿಗೆ ಉಬ್ಬಸ ಬಂದದ್ದು ವೈದ್ಯಶಾಸ್ತ್ರಕ್ಕೆ ಬಹಳ ಹಿಂದಿನಿಂದ ಗೊತ್ತು. ಸಸ್ಯಜನ್ಯ ಎಂಬ ಮಾತಿನಲ್ಲಿ ಗಿಡ ಕೊಡುವುದು ಪದಾರ್ಥವನ್ನಲ್ಲ, ಬರಹವನ್ನು: ಯಾವ ಅಮೈನೋ ಆಮ್ಲದ ಮುಂದೆ ಯಾವುದು ಎಂಬ ಸಾಲನ್ನು. ಸಾಲು ಒಮ್ಮೆ ಗೊತ್ತಾದರೆ ಮುಂದಿನದು ರಸಾಯನಶಾಸ್ತ್ರದ ಕೆಲಸ. ಪುಟ್ಟ ತುಣುಕಾದರೆ 1963ರಲ್ಲಿ ಮೆರಿಫೀಲ್ಡ್ ತೋರಿಸಿದ ಹಾಗೆ ರಾಳದ ಮಣಿಗಳ ಮೇಲೆ ಒಂದೊಂದೇ ಅಮೈನೋ ಆಮ್ಲವನ್ನು ಪೋಣಿಸಬಹುದು. ನಾಲ್ಕು ಗಂಟಿನ ಡಿಫೆನ್ಸಿನ್ ಆದರೆ ಯೀಸ್ಟಿನ ಕೈಯಲ್ಲಿ ಮಾಡಿಸುವುದು ಅಗ್ಗ. ಆಯುರ್ವೇದದ ಹೆಸರಿನಲ್ಲಿ ಬೀಜದ ಕಷಾಯ ಮಾರುವವರಿಗೂ ಈ ಸಂಶೋಧನೆಗೂ ಏನೂ ಸಂಬಂಧವಿಲ್ಲ. ಬಾಯಿಂದ ಕುಡಿದ ಪೆಪ್ಟೈಡಿನಲ್ಲಿ ಬಹುಪಾಲು ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನಂತೆಯೇ ಜೀರ್ಣವಾಗಿಹೋಗುತ್ತದೆ.

ಜೀರ್ಣವಾಗದ ಪೆಪ್ಟೈಡುಗಳೂ ಇವೆ. 1960ರ ದಶಕದಲ್ಲಿ ಕಾಂಗೋದಲ್ಲಿದ್ದ ನಾರ್ವೆಯ ವೈದ್ಯ ಲೊರೆಂಟ್ಸ್ ಗ್ರಾನ್, ಹೆರಿಗೆ ಬೇಗ ಆಗಲೆಂದು ಅಲ್ಲಿನ ಹೆಂಗಸರು ಒಂದು ಗಿಡದ ಕಷಾಯ ಕುಡಿಯುವುದನ್ನು ಕಂಡರು. ಕುದಿಸಿದರೂ ಕೆಡದ ಆ ಪೆಪ್ಟೈಡು ತಲೆ ಬಾಲ ಕೂಡಿದ ಉಂಗುರ ಎಂದು 1995ರಲ್ಲಿ ತಿಳಿಯಿತು. ಇವೇ ಸೈಕ್ಲೊಟೈಡ್‌ಗಳು. ನಮ್ಮ ಬೇಲಿಗಳ ಶಂಖಪುಷ್ಪದಲ್ಲೂ ಇವೆ. ತುಂಡು ಪೆಪ್ಟೈಡಿನ ತುದಿಗಳನ್ನು ಬೆಸೆದು ಉಂಗುರ ಮಾಡುವ ಬ್ಯುಟಲೇಸ್ ಎಂಬ ಕಿಣ್ವವೂ ಅದೇ ಗಿಡದಿಂದ 2014ರಲ್ಲಿ ಸಿಕ್ಕಿತು. ಇವುಗಳಲ್ಲಿ ಕೆಲವು ಶಿಲೀಂಧ್ರವನ್ನು ಕೊಲ್ಲುತ್ತವೆ. ಕೆಂಪು ರಕ್ತಕಣವನ್ನೂ ಒಡೆಯುತ್ತವೆ. ಶಂಖಪುಷ್ಪದ ಸಾರದ ಒಂದು ವ್ಯಾಪಾರಿ ಉತ್ಪನ್ನ ರೋಗಿಯ ಬಳಿಗಲ್ಲ, ಆಸ್ಟ್ರೇಲಿಯಾದ ಹತ್ತಿ ಹೊಲಕ್ಕೆ ಹೋಯಿತು, ಕೀಟನಾಶಕವಾಗಿ.

ತಟ್ಟೆಯಲ್ಲಿ ಗೆದ್ದದ್ದು ರೋಗಿಯಲ್ಲಿ ಸೋಲುವುದು ಎಲ್ಲಿ? ಮೊದಲನೆಯ ಅಡ್ಡಿ ಉಪ್ಪು. ಡಿಫೆನ್ಸಿನ್ನಿಗೂ ಶಿಲೀಂಧ್ರಕ್ಕೂ ಇರುವ ಸೆಳೆತ ವಿದ್ಯುತ್ತಿನದು ಎಂದೆನಲ್ಲ, ಸುತ್ತ ಸೋಡಿಯಂ, ಕ್ಯಾಲ್ಸಿಯಂ ಹೆಚ್ಚಾದರೆ ಆ ಸೆಳೆತ ಮಂಕಾಗುತ್ತದೆ. ನಮ್ಮ ರಕ್ತದಲ್ಲಿ ಸೋಡಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್. ಎಷ್ಟೋ ಪ್ರಬಂಧಗಳಲ್ಲಿ ಪೆಪ್ಟೈಡನ್ನು ಪರೀಕ್ಷಿಸಿರುವುದು ಉಪ್ಪು ತೀರ ಕಡಿಮೆಯಿರುವ, ನೀರು ಬೆರೆಸಿ ತೆಳುವಾಗಿಸಿದ ಆಲೂಗಡ್ಡೆ ಸಾರಿನಂಥ ಮಾಧ್ಯಮದಲ್ಲಿ. ಅಲ್ಲಿ ಹುಲಿಯಾದದ್ದು ರಕ್ತದಲ್ಲಿ ಇಲಿಯಾಗುತ್ತದೆ. ಎರಡನೆಯದು ಕತ್ತರಿ ಕಿಣ್ವಗಳು. ಕ್ಯಾಂಡಿಡಾವೇ ಸ್ವತಃ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ಸ್ರವಿಸುತ್ತದೆ. ಮೂರನೆಯದು ಪೊರೆಯ ಅಂಟು. ಋಣ ವಿದ್ಯುದಂಶದ ಸಕ್ಕರೆ, ಡಿಎನ್‌ಎಗಳು ಧನ ಪೆಪ್ಟೈಡನ್ನು ದಾರಿಯಲ್ಲೇ ಹಿಡಿದಿಡುತ್ತವೆ. ಯಾವ ಗುಣದಿಂದ ಪೆಪ್ಟೈಡು ಶಿಲೀಂಧ್ರವನ್ನು ಹುಡುಕಿ ಹೋಗುತ್ತದೋ ಅದೇ ಗುಣ ಅದನ್ನು ಬಾಗಿಲಲ್ಲೇ ಸಿಕ್ಕಿಸುತ್ತದೆ. ಇವಕ್ಕೆ ಪರಿಹಾರಗಳ ಹುಡುಕಾಟವೂ ಹಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರು ಕಟ್ಟಿದ ಪೆಪ್ಟೈಡ್ ಸಂಶೋಧನೆಯ ಪರಂಪರೆ, ಅಪರೂಪದ ಅಮೈನೋ ಆಮ್ಲಗಳನ್ನು ಸೇರಿಸಿ ಪೆಪ್ಟೈಡಿನ ಬೆನ್ನು ಬಾಗದಂತೆ ಮಾಡುವ ಬಗೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದೆ. ಅಂಥ ಪೆಪ್ಟೈಡನ್ನು ಕತ್ತರಿಸುವುದು ಕಿಣ್ವಗಳಿಗೆ ಕಷ್ಟ.

ಸಸ್ಯ ಡಿಫೆನ್ಸಿನ್ ಮನುಷ್ಯರವರೆಗೆ ಬಂದ ಕತೆಯನ್ನು ಇಲ್ಲಿ ಹೇಳಲೇಬೇಕು. ಎನ್‌ಎಡಿ1ನ ಬೆನ್ನುಹತ್ತಿದ ಮೆಲ್ಬರ್ನಿನ ಹೆಕ್ಸಿಮಾ ಕಂಪನಿ ಪೆಜಾಡೆಫ್ಟೈಡ್ ಎಂಬ ಸಸ್ಯ ಡಿಫೆನ್ಸಿನನ್ನು ಉಗುರು ಕೊಳೆಗೆ ಹಚ್ಚುವ ಮದ್ದಾಗಿ ರೂಪಿಸಿತು. ಆಯ್ಕೆ ಜಾಣತನದ್ದೇ. ಉಗುರಿನಲ್ಲಿ ರಕ್ತದ ಉಪ್ಪಿಲ್ಲ, ಅಲರ್ಜಿಯ ಭಯ ಕಡಿಮೆ, ಹಳೆಯ ಮದ್ದುಗಳು ಉಗುರನ್ನು ಸುಲಭವಾಗಿ ದಾಟುವುದಿಲ್ಲ. ಮೊದಲ ಹಂತಗಳು ಆಸೆ ಹುಟ್ಟಿಸಿದವು. 2022ರಲ್ಲಿ ಎರಡನೆಯ ಹಂತದ ದೊಡ್ಡ ಪರೀಕ್ಷೆಯ ಫಲ ನಿರೀಕ್ಷೆ ಮುಟ್ಟಲಿಲ್ಲ, ಕಂಪನಿ ಅದನ್ನು ಕೈಬಿಟ್ಟಿತು. ಈ ಸೋಲನ್ನು ಸಂಶೋಧಕರು ತಮ್ಮ ಸಮೀಕ್ಷೆಗಳಲ್ಲಿ ಅರ್ಧ ವಾಕ್ಯದಲ್ಲಿ ದಾಟಿಬಿಡುವುದು ನನಗೆ ಸರಿಕಾಣುವುದಿಲ್ಲ. ವರ್ಷವರ್ಷವೂ ಹೊಸ ಗಿಡ, ಹೊಸ ಬೀಜ, ಹೊಸ ಪೆಪ್ಟೈಡು ಎಂದು ಪಟ್ಟಿ ಬೆಳೆಯುತ್ತಿದೆ. ಪಟ್ಟಿ ಬೆಳೆದ ಮಾತ್ರಕ್ಕೆ ಮದ್ದು ಹತ್ತಿರ ಬರುವುದಿಲ್ಲ. ನೂರೊಂದನೆಯ ಪೆಪ್ಟೈಡಿಗಿಂತ, ಈಗಾಗಲೇ ಕೈಯಲ್ಲಿರುವ ಹತ್ತನ್ನು ರಕ್ತದ ಉಪ್ಪಿನಲ್ಲಿ, ಸೀರಮ್ಮಿನಲ್ಲಿ, ನಿಜವಾದ ಕ್ಯಾಥೆಟರಿನ ಮೇಲೆ ಪರೀಕ್ಷಿಸುವುದು ಹೆಚ್ಚು ಬೆಲೆಯುಳ್ಳ ಕೆಲಸ.

ಹಾಗೆ ನೋಡಿದರೆ ಆಸೆ ಎಲ್ಲಿ ಉಳಿದಿದೆ? ಒಂಟಿಯಾಗಿ ಕೊಲ್ಲುವ ಪೆಪ್ಟೈಡಿನಲ್ಲಿ ಅಲ್ಲ, ಹಳೆಯ ಮದ್ದಿಗೆ ಜೊತೆಯಾಗುವ ಪೆಪ್ಟೈಡಿನಲ್ಲಿ. ಹ್ಯೂಕೆರಾ ಎಂಬ ಹೂಗಿಡದ ಬೀಜದಿಂದ ಬಂದ ಎಚ್‌ಎಸ್‌-ಎಎಫ್‌ಪಿ1 ಡಿಫೆನ್ಸಿನ್ ಕ್ಯಾಂಡಿಡಾ ಪೊರೆಯ ಮೇಲೆ ಕ್ಯಾಸ್ಪೊಫಂಗಿನ್, ಆಂಫೊಟೆರಿಸಿನ್ ಎರಡರ ಬಲವನ್ನೂ ಹೆಚ್ಚಿಸುತ್ತದೆ ಎಂದು ಲುವೆನ್ನಿನವರು ತೋರಿಸಿದರು. ಬಳಿಕ ಅದರ ಒಂದು ಚಿಕ್ಕ ನೇರ ತುಣುಕಿಗೂ ಆ ಗುಣ ಇರುವುದು ಕಂಡಿತು. ಗಂಟಿಲ್ಲದ ತುಣುಕಾದರೆ ತಯಾರಿಸುವುದು ಸುಲಭ. ಇದರಿಂದ ಆಂಫೊಟೆರಿಸಿನ್ನಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಲು ಸಾಧ್ಯವಾದರೆ ಮೂತ್ರಪಿಂಡ ಉಳಿಯುತ್ತದೆ. 2021ರಂಥ ಅಭಾವದಲ್ಲಿ ಅಷ್ಟೇ ವಯಲ್ ಎರಡರಷ್ಟು ರೋಗಿಗಳಿಗೆ ಸಾಕಾಗುತ್ತದೆ.

ಇನ್ನೊಂದು ಆಸೆ ರಕ್ತದ ಹೊರಗಿನದು. ಡಯಾಲಿಸಿಸ್ ಕ್ಯಾಥೆಟರನ್ನು ಬಳಸದಿರುವಾಗ ಅದರ ಒಳಗೆ ಒಂದು ದ್ರವ ತುಂಬಿ ಮುಚ್ಚಿಡುತ್ತಾರೆ. ವಾರ್ಡಿನಲ್ಲಿ ಇದಕ್ಕೆ ಲಾಕ್ ಎನ್ನುತ್ತಾರೆ. ಆ ದ್ರವದ ಉಪ್ಪು, ಆಮ್ಲೀಯತೆ, ಪೆಪ್ಟೈಡಿನ ಪ್ರಮಾಣ ಎಲ್ಲವೂ ನಮ್ಮ ಕೈಯಲ್ಲೇ ಇರುತ್ತವೆ. ರೋಗಿಯ ಮೈಗೆ ಹೋಗುವುದು ಅತ್ಯಲ್ಪ. ಪ್ಲಾಸ್ಟಿಕ್ಕಿನ ಮೇಲ್ಮೈಗೇ ಪೆಪ್ಟೈಡನ್ನು ಬೆಸೆದು ಮೊದಲ ಕೋಶ ಅಂಟದಂತೆ ಮಾಡುವುದು ಇನ್ನೊಂದು ದಾರಿ. ಕಟ್ಟಿದ ಪೊರೆಯನ್ನು ಒಡೆಯುವುದಕ್ಕಿಂತ ಕಟ್ಟಗೊಡದಿರುವುದು ಎಷ್ಟೋ ಸುಲಭ. ಮೂಲಂಗಿ ಬೀಜ ಮಾಡುವುದೂ ಅದನ್ನೇ. ಬೂಷ್ಟು ಬಂದ ಮೇಲೆ ಅದು ಹೋರಾಡುವುದಿಲ್ಲ, ಬರುವ ಮುಂಚೆ ಸುತ್ತ ಗೆರೆ ಎಳೆದುಕೊಳ್ಳುತ್ತದೆ. ಮೂರನೆಯದು ಚರ್ಮ. ಟರ್ಬಿನಾಫಿನ್ ಮದ್ದಿಗೆ ಬಗ್ಗದ ಟ್ರೈಕೊಫೈಟನ್ ಇಂಡೊಟಿನಿಯೆ ಎಂಬ ಶಿಲೀಂಧ್ರ ದೇಶದುದ್ದಕ್ಕೂ ಗಜಕರ್ಣವನ್ನು ವಾಸಿಯಾಗದ ಕಾಯಿಲೆಯನ್ನಾಗಿ ಮಾಡಿದೆ. ಸೂರತ್ತಿನಂಥ ಸೆಕೆಯ ಊರಿನಲ್ಲಿ ಬೆವರಿನ ಬಟ್ಟೆಯಲ್ಲಿ ದಿನವಿಡೀ ದುಡಿಯುವವರಿಗೆ ಇದು ಸಣ್ಣ ಕಾಯಿಲೆಯಲ್ಲ.

ಹೊಲದ ಕಡೆಯಿಂದಲೂ ಸೂರತ್ತಿಗೆ ಈ ವಿಷಯ ಹೊಸದಾಗಬಾರದು. ಜಗತ್ತಿನ ಮೊದಲ ವಾಣಿಜ್ಯ ಹೈಬ್ರಿಡ್ ಹತ್ತಿ ಎಚ್-4 ಅನ್ನು 1970ರಲ್ಲಿ ಸಿ.ಟಿ. ಪಟೇಲರು ಕೊಟ್ಟದ್ದು ಅಲ್ಲಿನ ಹತ್ತಿ ಸಂಶೋಧನಾ ಕೇಂದ್ರದಿಂದ. ಎರಡು ವರ್ಷದ ಮೇಲೆ ನಮ್ಮ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಎರಡು ಬೇರೆ ಜಾತಿಗಳನ್ನು ಕೂಡಿಸಿ ವರಲಕ್ಷ್ಮಿ ತಳಿ ತಂದರು. ಆ ಹತ್ತಿಯನ್ನು ಕಾಡುವ ಫ್ಯುಸೇರಿಯಂ ಸೊರಗು ರೋಗದ ವಿರುದ್ಧ ಆಸ್ಟ್ರೇಲಿಯಾದಲ್ಲಿ ಎನ್‌ಎಡಿ1 ಜೀನನ್ನೇ ಹತ್ತಿಗೆ ಸೇರಿಸಿ ನೋಡಿದರು. ಹೊಲದಲ್ಲಿ ಹೆಚ್ಚು ಗಿಡಗಳು ಬದುಕಿ ಇಳುವರಿ ಏರಿತು. ಕಾಂಡದ ನಾಳದಲ್ಲಿ ಗೆದ್ದದ್ದು ಮನುಷ್ಯರ ನಾಳದಲ್ಲಿ ಯಾಕೆ ತಡವರಿಸುತ್ತದೆ ಎಂಬುದನ್ನು ಹತ್ತಿಯವರೂ ವೈದ್ಯರೂ ಒಂದೇ ಮೇಜಿನ ಸುತ್ತ ಕೂತು ನೋಡಬೇಕು.

ಅಂಥ ಮೇಜನ್ನು ಹಾಕಲು ಈ ಮೂರು ಊರುಗಳಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಅಹಮದಾಬಾದಿನಲ್ಲಿ ಝೈಡಸ್, ಇಂಟಾಸ್‌ನಂಥ ಕಂಪನಿಗಳು ಪ್ರೋಟೀನ್ ಮದ್ದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿವೆ. ಅಡಲಿಮುಮ್ಯಾಬ್ ಎಂಬ ಪ್ರೋಟೀನ್ ಮದ್ದಿನ ಜಗತ್ತಿನ ಮೊದಲ ಬಯೋಸಿಮಿಲರ್, ಅಂದರೆ ತದ್ರೂಪು, 2014ರಲ್ಲಿ ಅಲ್ಲಿಂದಲೇ ಬಂತು. ಅದನ್ನು ಮಾಡಿದವರಿಗೆ 50 ಅಮೈನೋ ಆಮ್ಲಗಳ ಡಿಫೆನ್ಸಿನ್ ಕಷ್ಟವಾಗದು. ವಡೋದರಾದಲ್ಲಿ ಎಂ.ಎಸ್. ವಿಶ್ವವಿದ್ಯಾಲಯದ ಮೈಕ್ರೋಬಯಾಲಜಿ ವಿಭಾಗವಿದೆ, ಪಕ್ಕದಲ್ಲೇ ಎಸ್‌ಎಸ್‌ಜಿ ಆಸ್ಪತ್ರೆ. ಸೂರತ್ತಿನಲ್ಲಿ ಹತ್ತಿಯ ಹೊಲವೂ ಸರ್ಕಾರಿ ವೈದ್ಯಕೀಯ ಕಾಲೇಜೂ ಒಂದೇ ಊರಿನಲ್ಲಿವೆ.

ಪ್ರಯೋಗವೂ ದೊಡ್ಡದಲ್ಲ. ಮೂರು ಊರುಗಳ ತೀವ್ರ ನಿಗಾ ಘಟಕಗಳಲ್ಲಿ ಸಿಗುವ ಟ್ರಾಪಿಕಾಲಿಸ್, ಪ್ಯಾರಾಪ್ಸಿಲೋಸಿಸ್, ಆರಿಸ್ ತಳಿಗಳನ್ನು ಕೂಡಿಡಬೇಕು. ಆಲ್ಬಿಕನ್ಸ್ ಮೇಲೆ ಯುರೋಪಿನಲ್ಲಿ ಬಂದ ಫಲವನ್ನು ನಮ್ಮ ಟ್ರಾಪಿಕಾಲಿಸ್‌ಗೆ ಹಾಗೆಯೇ ಅನ್ವಯಿಸುವಂತಿಲ್ಲ. ಆಸ್ಪತ್ರೆ ದಿನವೂ ಬಳಸುವ ಕ್ಯಾಥೆಟರನ್ನೇ ಬೆರಳುದ್ದ ತುಂಡರಿಸಿ, ಮನುಷ್ಯರ ಸೀರಮ್ಮಿನಲ್ಲಿ ಮುಳುಗಿಸಿ, ಆ ತಳಿಗಳಿಂದ ಪೊರೆ ಕಟ್ಟಿಸಬೇಕು. ಒಂದು ಸಾಲಿಗೆ ಕ್ಯಾಸ್ಪೊಫಂಗಿನ್ ಮಾತ್ರ, ಇನ್ನೊಂದಕ್ಕೆ ಹರಳಿನ ತುಣುಕು ಮಾತ್ರ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಏನೂ ಇಲ್ಲ. ಎರಡು ದಿನ ಬಿಟ್ಟು ತೊಳೆದು, ಉಳಿದ ಕೋಶಗಳನ್ನು ಎಣಿಸಬೇಕು. ಇಂದು ಆಸ್ಪತ್ರೆಯ ಲ್ಯಾಬಿನಲ್ಲಿ ಸೋಂಕು ತಗಲಿದ ಕ್ಯಾಥೆಟರಿನ ತುದಿಯನ್ನು ತಟ್ಟೆಯ ಮೇಲೆ ಹೊರಳಿಸಿ, ಬೆಳೆದದ್ದರ ಹೆಸರು ಬರೆದುಕೊಂಡು, ತುದಿಯನ್ನು ಹಳದಿ ಚೀಲಕ್ಕೆ ಹಾಕುತ್ತಾರೆ. ಚೀಲ ಸುಡಲು ಹೋಗುತ್ತದೆ. ಅದರಲ್ಲಿದ್ದ ತಳಿ ಒಂದು ಫ್ರೀಜರಿನ ಮೂಲೆಯಲ್ಲಿ ಉಳಿದಿದ್ದರೆ ಈ ಕೆಲಸ ನಾಳೆಯೇ ಶುರುವಾಗಬಹುದು.